ಅಳಿಸಿದ ಮಾತು ಯಾರದು?

ಉಡಿ ತುಂಬುತ್ತೇನೆ ಅಂದರೆ ಬೇಡ ಅನ್ನುವ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅದೊಂದನ್ನೇ ನಂಬಿಕೊಂಡು ನಾನು ಅಥಣಿ ರಸ್ತೆಯ ಹೊಸ ಬಡಾವಣೆಯ ಒಂದು ಮನೆಯ ಪಡಸಾಲೆಯಲ್ಲಿ ಖಣ, ತೆಂಗಿನಕಾಯಿ, ಉತ್ತತ್ತಿ, ಅರಿಶಿನ ಕೊಂಬು, ಅಕ್ಕಿ ಹಿಡಿದು ನಿಂತಿದ್ದೆ.

ಎದುರಿಗೆ ಸೆರಗು ಒಡ್ಡಿ ಕೂತವಳು ‘ಮಡಿಲಕ್ಕ’. ಮಕ್ಕಳಾಗದ ಹೆಂಗಸರು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ದುಃಖ ಹೇಳಿಕೊಂಡು ಹಗುರಾಗುವ ‘ಬೆಚ್ಚನ ಮಡಿಲು’ ಎಂಬ ಗುಂಪಿನ ಒಡತಿ. ಆ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಮುಖವಿಲ್ಲ. ಎಲ್ಲರಿಗೂ ತಾವೇ ಇಟ್ಟುಕೊಂಡ ಅಡ್ಡಹೆಸರು. ಒಡತಿ ಯಾರು, ಯಾವ ಊರು ಅನ್ನುವುದೂ ಯಾರಿಗೂ ಗೊತ್ತಿರಲಿಲ್ಲ.

ನಾನು ಗುಂಪಿಗೆ ಸೇರಿ ಒಂದೇ ಸಾಲು ಬರೆದೆ: ‘ಅಕ್ಕಾ, ನಿನ್ನ ಮಾತಿನಿಂದ ನಮ್ಮ ಮನಿ ಹೆಣ್ಮಗಳು ಉಳದಾಳ, ನಿನಗ ಉಡಿ ತುಂಬೂದೈತಿ.’ ಪೊಲೀಸರು ಕೇಳಿದ್ದರೂ ಸಿಗದ ವಿಳಾಸ ಸಂಜೆಯೊಳಗೆ ಕೈಗೆ ಬಂತು.

ಅಕ್ಕಿ ಹಾಕುವಾಗ ಅವಳ ಕಣ್ಣು ನನ್ನ ಕೊರಳಿನ ಮೇಲೆ ಹೋಯಿತು. ತಾಳಿ ಇಲ್ಲದ ಕೊರಳು.

“ಅಕ್ಕಾರ, ನೀವು ಮುತ್ತೈದಿ ಹೌದಲ್ರಿ?”

“ಗಂಡ ಹೋಗಿ ಭಾಳ ವರ್ಷ ಆತು. ಕುಂಕುಮ ಮಾತ್ರ ನಾ ಸಣ್ಣಾಕಿ ಇದ್ದಾಗಿಂದ ಹಚ್ಚೀನಿ. ಅದನ್ನೇನು ಅಂವ ತಂದಿದ್ದಿಲ್ಲ, ಅಂವ ಒಯ್ಯಾಕ. ಬ್ಯಾಡಾಗಿದ್ರ ಹೇಳು, ಎದ್ದು ಹೋಗತೀನಿ.”

ಅವಳು ನಕ್ಕಳು. ಸೆರಗನ್ನು ಇನ್ನಷ್ಟು ಅಗಲ ಮಾಡಿ, “ತುಂಬ್ರಿ” ಅಂದಳು. ಹೆಣ್ಣು ನನಗೆ ಅಲ್ಲಿಗೇ ಹಿಡಿಸಿದಳು. ಹಿಡಿಸಬಾರದಿತ್ತು, ಏಕೆಂದರೆ ನಾನು ಬಂದದ್ದು ಅವಳನ್ನು ಹಿಡಿಯಲು.

ತಲೆ ಎತ್ತಿದಾಗ ಗೋಡೆಯ ಫೋಟೋ ಕಂಡಿತು. ಹಸಿರು ಸೀರೆ ಇಳಿಬಿಟ್ಟ ತೊಟ್ಟಿಲು, ಸುತ್ತ ಹೆಂಗಸರ ದಂಡು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಕೂಗಲು ಬಗ್ಗಿದವಳು ಈಗ ನನ್ನೆದುರು ಉಡಿ ಕಟ್ಟಿಕೊಂಡು ಕೂತವಳೇ. ಆ ತೊಟ್ಟಿಲನ್ನು ನಾನು ಹಿಂದಿನ ದಿನವಷ್ಟೇ ಬಬಲೇಶ್ವರದಲ್ಲಿ ನೋಡಿ ಬಂದಿದ್ದೆ.

“ನೀ ಬಬಲೇಶ್ವರದ ಸಕ್ರವ್ವನ ಮಗಳು” ಅಂದೆ. “ವಿಜಯಲಕ್ಷ್ಮೀ. ಮಲ್ಲಿನಾಥನ ತಂಗಿ.”

ನಗು ಆರಿತು. “ನೀವು ಯಾರ್ರಿ?”

“ಹೊಳೆವ್ವ. ಲಗ್ನದ ಮುಂಚೆ ಮನೆತನ ವಿಚಾರಿಸಿ ಹೇಳೂದು ನನ್ನ ಕಸುಬು. ಈ ಸಲ ಲಗ್ನ ಆದ ಮನೆತನ ವಿಚಾರಿಸಾಕತ್ತೇನಿ. ನಿಮ್ಮ ವೈನಿ ನಿರ್ಮಲಾ ನನಗ ಈ ಕೆಲಸ ಹೇಳ್ಯಾಳ.”

ಅವಳು ಉಡಿಯ ಗಂಟು ಗಟ್ಟಿಯಾಗಿ ಹಿಡಿದುಕೊಂಡಳು.

ಕತೆಗೆ ಹೊಸದಾಗಿ ಬಂದವರಿಗೆ ಇಷ್ಟು ಹೇಳಿದರೆ ಸಾಕು. ತಿಕೋಟಾದ ಹೆಣ್ಣುಮಗಳು ನಿರ್ಮಲಾಳನ್ನು ಬಬಲೇಶ್ವರದ ಮಲ್ಲಿನಾಥನಿಗೆ ಕೊಟ್ಟಿದ್ದಾರೆ, ಮಕ್ಕಳಾಗಿಲ್ಲ. ಅವಳ ನೆಗೆಣ್ಣಿ, ಅಂದರೆ ಓರಗಿತ್ತಿ ಕಸ್ತೂರಿಗೆ ಗಂಡು ಕೂಸು ಹುಟ್ಟಿ ಮನೆಯಲ್ಲಿ ತೊಟ್ಟಿಲ ಕಾರ್ಯ ಆಯಿತು. ಆಮೇಲೆ ‘ಬೆಚ್ಚನ ಮಡಿಲು’ ಗುಂಪಿನಲ್ಲಿ, ‘ಜ್ವಾಳದ ತೆನಿ’ ಎಂಬ ಅಡ್ಡಹೆಸರಿನಲ್ಲಿದ್ದ ನಿರ್ಮಲಾಳಿಗೆ ಯಾರೋ ಒಂದು ಮಾತು ಬರೆದರು.

‘ಕಲ್ಲು ಸೈತ ನಿನ್ನ ಕೈಯಾಗ ನಿಲ್ಲಲಿಲ್ಲ, ಕೂಸು ಎಲ್ಲಿ ನಿಂತೀತು? ತೊಟ್ಟಿಲ ಕೆಳಗ ಗುಂಡಪ್ಪನ ಜಾರಿಸಿದಾಕಿ, ಇನ್ನ ತವರಿನ ದಾರಿ ಹಿಡಿ.’

ನಿರ್ಮಲಾ ಅದನ್ನು ಕಸ್ತೂರಿಯೇ ಬರೆದಳೆಂದು ಮನೆಯಲ್ಲಿ ಕೂಗಾಡಿದಳು. ತೋರಿಸು ಅಂದರು. ತೋರಿಸಲು ಫೋನ್ ತೆಗೆದರೆ ಮಾತು ಇಲ್ಲ. ಮಡಿಲಕ್ಕ ಅಳಿಸಿದ್ದಳು.

ಅಲ್ಲಿಗೆ ಲೆಕ್ಕ ತಿರುಗಿತು. ಮಾತು ಬಂದೇ ಇಲ್ಲ, ಹೊಟ್ಟೆಕಿಚ್ಚಿಗೆ ಇವಳಿಗೆ ಭ್ರಮೆ ಹಿಡಿದಿದೆ, ಹಸಿ ಬಾಣಂತಿಯ ಮೇಲೆ ಸುಳ್ಳು ಹೊರಿಸಿದಳು ಎಂದಾಯಿತು. ಇಂದು ಹೊತ್ತು ಮುಳುಗುವಾಗ ಮನೆತನದ ಹಿರಿಯರು ಕೂರುತ್ತಾರೆ. ‘ಎಲ್ಲಾ ಸುಳ್ಳು ಹೇಳಿದೆ’ ಎಂದು ನಿರ್ಮಲಾ ಕಸ್ತೂರಿಯ ಕಾಲು ಮುಟ್ಟಬೇಕು. ಇಲ್ಲವಾದರೆ ಗಂಟು ಕಟ್ಟಿಕೊಂಡು ತಿಕೋಟಾಕ್ಕೆ ಹೋಗಬೇಕು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು. ನನಗೆ ಮೈ ಉರಿದು ಹೋಗಿತ್ತು.

“ಅಳಸಿದಾಕಿ ನಾನ” ಅಂದಳು ವಿಜಯಲಕ್ಷ್ಮೀ, ನಾನು ಕೇಳುವ ಮೊದಲೇ. “ಗುಂಪು ನಂದು. ಯಾರಿಗರೆ ನೋವಾಗೂವಂಥಾ ಮಾತು ಬಂದ್ರ ಅಳಸತೀನಿ. ಅದರಾಗ ಕಳವು ಏನೈತಿ?”

“ಕಳವು ಅಂತ ನಾ ಅಂದೇನು?”

“ಉಡಿ ತುಂಬಿ, ಉಡಿ ತುಂಬಿದ ಮನ್ಯಾಗ ಕುಂತು ಹಿಂಗ ವಿಚಾರಣಿ ಮಾಡತಾರೇನ್ರಿ?”

“ಉಡಿ ಉಡೀನ, ವಿಚಾರಣಿ ವಿಚಾರಣೀನ. ಉಡಿ ಖರೇ ಮನಸ್ಸಿಂದ ತುಂಬೀನಿ. ಈಗ ಹೇಳು, ತೊಟ್ಟಿಲ ಕೆಳಗ ಆ ಕಲ್ಲು ಹಿಡದಾಕಿ ಯಾರು?”

ಕೇಳಿದೆನಷ್ಟೆ, ಉತ್ತರ ನನ್ನ ಹತ್ತಿರ ಇತ್ತು.

ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಕುಂಚಿಗೆ ತೊಡಿಸಿ, ಅದನ್ನೇ ‘ಗುಂಡಪ್ಪ’ ಅಂತ ತೊಟ್ಟಿಲ ಸುತ್ತ ಆಡಿಸುತ್ತಾರೆ. ಈ ಕಡೆಯ ಹೆಂಗಸು ತೊಟ್ಟಿಲ ಕೆಳಗಿನಿಂದ ಕೊಡಬೇಕು, ಆ ಕಡೆಯವಳು ತೆಗೆದುಕೊಳ್ಳಬೇಕು. ಅಂದು ಸಕ್ರವ್ವ ಸೊಸೆ ನಿರ್ಮಲಾಳನ್ನು ಅಡುಗೆಮನೆಯಿಂದ ಕರೆದು ಕೈಗೆ ಗುಂಡಪ್ಪನನ್ನು ಕೊಟ್ಟಳು. ಒಳ್ಳೆಯದಾಗಲಿ ಅಂತಲೋ, ಚುಚ್ಚಲಿ ಅಂತಲೋ, ಆ ದೇವರಿಗೇ ಗೊತ್ತು. ನಿರ್ಮಲಾಳ ಕೈ ನಡುಗಿತು. ಎಣ್ಣೆ ಹಚ್ಚಿದ ಕಲ್ಲು ಜಾರಿತು.

ಆದರೆ ಜಾರಿದ್ದು ತೊಟ್ಟಿಲ ಕೆಳಗೆ. ಅಲ್ಲಿ ಸೀರೆ ಇಳಿಬಿಟ್ಟಿತ್ತು. ಎದುರಿನವಳು ಕಲ್ಲು ನೆಲ ಮುಟ್ಟುವ ಮೊದಲೇ ಹಿಡಿದು ಏನೂ ಆಗದವಳಂತೆ ಮೇಲೆತ್ತಿದಳು. ನಿಂತವರಿಗೆ ಏನೂ ಕಾಣಲಿಲ್ಲ. ಹಾಡು ಸಹ ನಿಲ್ಲಲಿಲ್ಲ. ಆ ಸಂಗತಿ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಜಾರಿಸಿದವಳು ಮತ್ತು ಹಿಡಿದವಳು.

ನಿರ್ಮಲಾ ಬಗ್ಗಿದಾಗ ಕಂಡದ್ದು ಹಸಿರು ಬಳೆಯ ಕೈ ಒಂದೇ. ಹಸಿರು ಬಳೆ ಅಂದರೆ ಬಾಣಂತಿ ಅಂತ ತಿಳಿದು ಕಸ್ತೂರಿಯ ಹೆಸರು ಹಿಡಿದಳು. ನಿನ್ನೆ ನಾನು ಕೂಸು ನೋಡುವ ನೆಪದಲ್ಲಿ ಹೋದಾಗ ಕಸ್ತೂರಿ ನನ್ನ ಮೇಲೆ ಹರಿಹಾಯ್ದಳು.

“ಬಾಣಂತಿ ಗುಂಡಪ್ಪನ ಮುಟ್ಟತಾಳೇನ್ರಿ? ನಾ ಕೂಸಿನ ತಗೊಂಡು ಮಣಿ ಮ್ಯಾಲ ಕುಂತಿದ್ದೆ. ಗುಂಡಪ್ಪನ ತಗೊಳ್ಳಾಕಿ ಸೋದರತ್ತಿ. ಆಕಿಗೂ ಅವತ್ತ ಹಸರ ಬಳಿ ಇಡಿಸ್ಯಾರ. ಬಳಿಗಾರ್ತಿ ಬಂದಾಗ ಇಕಿ ಒಲಿ ಮುಂದಿದ್ಲು, ಇಕಿಗೇನು ಗೊತ್ತು!”

ಅಂಥ ದಿನ ಮಕ್ಕಳಿಲ್ಲದವಳನ್ನು ಒಲೆಯ ಮುಂದೆ ಕೂರಿಸಿ, ಬಳೆ ತೊಡಿಸಲೂ ಕರೆಯದಿದ್ದರೆ, ತಪ್ಪು ತಿಳಿಯುವುದು ಅವಳ ತಪ್ಪೋ ಕರೆಯದವರ ತಪ್ಪೋ? ಇರಲಿ. ಸೋದರತ್ತೆ ಈಗ ನನ್ನೆದುರಿಗಿದ್ದಳು.

“ಹಿಡದಾಕಿ ನೀ” ಅಂದೆ. “ಹಂಗಾರ ಬರದಾಕಿನೂ ನೀನ ಏನು?”

ಅವಳು ಎದ್ದು ನಿಂತಳು. ಮುಖ ಕೆಂಪಾಯಿತು.

“ನಾನೂ ಬಂಜಿನ ಇದೀನ್ರಿ! ಎರಡ ಸಲ ಹೊಟ್ಟಿ ತುಂಬಿ ಖಾಲಿ ಆಗೇತಿ. ಯಾರಿಗೆ ಹೇಳಬೇಕು ಅಂತ ತಿಳೀದ ಆ ಗುಂಪು ಕಟ್ಟೀನಿ. ಅಂಥಾ ಮಾತು ಬರದ ಕೈ ನಂದಾಗಿದ್ರ ಕಡದು ನಿಮ್ಮ ಉಡ್ಯಾಗ ಹಾಕತೀನಿ!”

ನಂಬಿದೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ನನ್ನ ಮುಖ ನೋಡುತ್ತಾರೆ, ನಾನು ನಂಬಿದೆನೋ ಇಲ್ಲವೋ ಅಂತ. ಇವಳು ನೋಡಲಿಲ್ಲ.

“ಬರದಿಲ್ಲ, ಖರೆ. ಆದ್ರ ಅಳಸಿದಿ. ಅಳಸಿ ನಿರ್ಮಲಾನ ಹುಚ್ಚಿ ಮಾಡಿಸಿದಿ.”

“ಅಳಸಬಾರದಿತ್ತಾ? ಅರಕೇರಿ ಬೋರವ್ವನ ಕೇಳ್ರಿ ಹೋಗಿ!” ಅಂದಳು. “ಗುಂಪಿನಾಗ ಆಕಿದೂ ಅಡ್ಡಹೆಸರ, ಖರೇ ಹೆಸರು ಆಮ್ಯಾಲ ಆಕಿನ ನನಗ ಹೇಳಿದ್ಲು. ಹೋದ ವರ್ಷ ಒಬ್ಬಾಕಿ ಬರದ್ಲು, ಈ ಬಂಜಿ ಬಿತ್ತೂ ಕೂರಗಿ ಹಿಂದ ಹೋದ್ರ ಬೀಜ ನಾಟಂಗಿಲ್ಲ ಅಂತ. ಆವಾಗ ನಾನೂ ನಿಮ್ಮಂಗ ಅಂದೆ. ಇರಲಿ, ಎಲ್ಲಾರೂ ನೋಡಲಿ, ಬೈದಾಕಿ ಮಾನ ಹೋಗಲಿ ಅಂದೆ. ಎಲ್ಲಾರೂ ಬಂದು ಬೈದಾಕಿಗೆ ಬೈದ್ರು. ಬೈದಂಗೆಲ್ಲಾ ಆ ಮಾತು ಮತ್ತ ಮತ್ತ ಮ್ಯಾಲ ಬಂತು. ಬೋರವ್ವ ಫೋನ್ ತಗದಾಗೊಮ್ಮೆ ಅದ. ಆಕಿ ಬಿತ್ತಾಕ ಹೋಗೂದ ಬಿಟ್ಲರಿ. ಇವತ್ತಿಗೂ ಬೀಜದ ಚೀಲ ಮುಟ್ಟಂಗಿಲ್ಲ. ನಾ ಇಟ್ಟಿದ್ದು ಬೈದಾಕಿ ಮಾನ ತಗೀಲಿಲ್ಲ, ಬೋರವ್ವನ ಕೈ ತಗೀತು.”

ಖರೇ ಮಾತಿಗೆ ಉತ್ತರ ಹುಡುಕುವುದು ಸುಳ್ಳಿಗೆ ಹುಡುಕಿದಷ್ಟು ಸಲೀಸಲ್ಲ. ಈ ಕಸುಬಿಗೆ ಬರುವ ಮೊದಲು ಪೊಲೀಸ್ ನೌಕರಿಯಲ್ಲಿದ್ದಾಗ ಠಾಣೆಗೆ ಬಂದ ಹೆಂಗಸರು ತಮಗೆ ಬಿದ್ದ ಬೈಗುಳವನ್ನು ಬರೆಸಲು ಹೇಸುವುದನ್ನು ನೋಡಿದ್ದೇನೆ. ಬಾಯಿಂದ ಮತ್ತೊಮ್ಮೆ ಆಡುವುದೆಂದರೆ ಮತ್ತೊಮ್ಮೆ ಬೈಸಿಕೊಂಡ ಹಾಗೆ. ಬರೆಸದೆ ಹೋದವರ ಕೇಸು ನಿಲ್ಲಲಿಲ್ಲ ಅನ್ನುವುದನ್ನೂ ನೋಡಿದ್ದೇನೆ.

“ನಿನ್ನ ಮಾತು ಒಪ್ಪತೀನಿ ತಂಗಿ” ಅಂದೆ. “ಬೋರವ್ವನ ವಿಷಯದಾಗ ಒಪ್ಪತೀನಿ. ಆಮ್ಯಾಲ ನೀ ಒಂದು ನೇಮ ಮಾಡಿದಿ. ಗುಂಪಿಗೆ ಬರೂವಾಗ ಮೊದಲ ಕಾಣತೈತಿ, ನಾ ಓದೀನಿ. ಕೆಟ್ಟ ಮಾತು ಬಂದ್ರ ಬೈಸಿಕೊಂಡಾಕಿಗೆ, ಆಕಿ ಒಬ್ಬಾಕಿಗೇ, ‘ಅಳಸಲೇನವ್ವಾ?’ ಅಂತ ಕೇಳತಿ. ಆಕಿ ಹೂಂ ಅಂದ್ರ ಅಳಸತಿ. ಹೌದಿಲ್ಲ?”

“ಹೌದು.”

“ಚಲೋ ನೇಮ. ಬೈಗುಳ ಬಿದ್ದಾಕಿದು ಆ ಬೈಗುಳ. ಇಟ್ಕೊಳ್ಳೂದು ಬಿಡೂದು ಆಕಿ ಕೈಯಾಗ. ಗುಂಪಿನಾಗ ಎಲ್ಲಾರನ್ನೂ ಕೇಳಿದಿ. ಜ್ವಾಳದ ತೆನಿನ ಯಾಕ ಕೇಳಲಿಲ್ಲ?”

ಅವಳು ಉಡಿಯ ಗಂಟನ್ನು ಮತ್ತೆ ಬಿಗಿದಳು.

“ಮಾತು ಬಂತು, ಆಕಿ ಒಮ್ಮೆ ಓದಿದ್ಲು, ಮತ್ತ ಓದೂದರಾಗ ಇಲ್ಲ” ಅಂದೆ. “ಇಷ್ಟು ಗಡಬಡಿ ಯಾಕ? ನೋವಾದಾಕಿ ಸಲುವಾಗಿ ಅಳಸಿದ್ರ ಕೇಳತಿದ್ದಿ. ನೀ ಮತ್ಯಾರ ಸಲುವಾಗೋ ಅಳಸಿದಿ.”

ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ವಿಜಯಲಕ್ಷ್ಮೀ ಮತ್ತೆ ಕೆಳಗೆ ಕೂತಳು. ಉಡಿಯನ್ನು ಪಕ್ಕಕ್ಕಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

“ಜ್ವಾಳದ ತೆನಿ ನಮ್ಮ ವೈನಿ ಅಂತ ನನಗ ಗೊತ್ತಿದ್ದಿಲ್ರಿ. ಬೇಕಾದ್ರ ನಮ್ಮಪ್ಪನಾಣಿ. ಎಷ್ಟೋ ದಿನ ಆಕಿ ಕೂಡ ಮಾತಾಡೀನಿ, ಒಬ್ಬರಿಗೊಬ್ಬರು ಧೈರ್ಯ ಹೇಳೀವಿ. ಆ ಮಾತು ಓದಿದಾಗ ಗೊತ್ತಾತು. ಗುಂಡಪ್ಪನ ಜಾರಿಸಿದಾಕಿ ಅಂದ್ರ ಇಕಿ ಆಕಿನ. ನನ್ನ ವೈನಿನ.”

“ಮತ್ತ ಬರದವರು ಯಾರು ಅಂತಾನೂ ಗೊತ್ತಾತು.”

ಅವಳು ತಲೆ ತಗ್ಗಿಸಿದಳು.

“ಕಲ್ಲು ಜಾರಿದ್ದು ಯಾರಿಗೆ ಹೇಳಿದ್ದಿ ನೀ?”

“ನಗಿ ಮಾಡಾಕ ಹೇಳಲಿಲ್ರಿ. ಆ ನಡಗೂ ಕೈ ನೋಡಿ ನನ್ನ ಕರಳು ಚುರ್ ಅಂತು. ಅವತ್ತ ಊರಿಗೆ ಹೊಂಡೂ ಮುಂದ ಹೇಳಿದೆ, ವೈನಿ ಭಾಳ ನೊಂದಾಳ, ಗುಂಡಪ್ಪನ ಹಿಡೀವಾಗ ಕೈ ನಡುಗಿ ಜಾರಿಸಿದ್ಲು, ಒಂಚೂರು ಸಂಭಾಳಸು ಅಂತ.” ಅವಳ ದನಿ ಇಳಿಯಿತು. “ಅಣ್ಣಗ ಹೇಳಿದೆ. ಮಲ್ಲಿನಾಥ ಅಣ್ಣಗ. ಅಂವ ಒಬ್ಬಗ.”



ಮಲ್ಲಿನಾಥ! ಇಡೀ ಮನೆ ಹೆಂಡತಿಯ ಮೇಲೆ ಬಿದ್ದಾಗ ಜೋರಾಗಿ ಒಂದು ಮಾತೂ ಆಡದವನು. ‘ನನ್ನ ಗಂಡ ದೇವರಂಥಾಂವ ಹೊಳೆಕ್ಕಾ, ಮಕ್ಕಳಿಲ್ಲ ಅಂತ ಒಂದ ದಿನ ಅಂದಿಲ್ಲ’ ಎಂದು ನಿರ್ಮಲಾ ನನ್ನ ಮುಂದೆ ಹೇಳಿದ್ದು ಇವನ ಬಗ್ಗೆಯೇ. ಅವಳ ಫೋನ್ ಮುಟ್ಟುವವನು, ಅವಳ ಅಡ್ಡಹೆಸರು ಕಂಡವನು ಬೇರೆ ಯಾರಿದ್ದಾರೆ? ಹೆಸರು, ಮುಖ ಕೇಳದ ಗುಂಪಿಗೆ ಹೆಂಗಸಿನ ಅಡ್ಡಹೆಸರಿಟ್ಟುಕೊಂಡು ಸೇರುವುದು ಎಷ್ಟರ ಕೆಲಸ? ಬಾಯಿಂದ ಹೋಗು ಅಂದರೆ ಊರು ಉಗಿಯುತ್ತದೆ. ಅವಳಾಗಿಯೇ ಹೋದರೆ ಇವನು ದೇವರಾಗಿಯೇ ಉಳಿಯುತ್ತಾನೆ.

“ಅಂವನ ಕೇಳಿದಿ ಏನು?”

“ಕೇಳಾಕ ಧೈರ್ಯ ಆಗಲಿಲ್ರಿ. ನನ್ನ ಸಾಲಿ ಕಲಿಸಿದಾಂವ ಅಂವ. ಎರಡನೇ ಸಲ ನನ್ನ ಹೊಟ್ಟಿ ಖಾಲಿ ಆದಾಗ ದವಾಖಾನಿ ಬಾಗಲದಾಗ ಅತ್ತಾಂವ ಅಂವ ಒಬ್ಬನ. ಅದಕ್ಕ ಅಳಸಿದೆ. ಅಳಸಿದ್ರ ಇಬ್ಬರೂ ಉಳೀತಾರ ಅನ್ನಿಸ್ತು.”

“ನಿನ್ನ ಫೋನಿನಾಗ ಉಳದೈತಿ ಏನು?”

“ಎಲ್ಲಾ ಅಳಸೀನಿ.”

“ಹಂಗಾರ ಆ ಮಾತು ಬಂದಿತ್ತು ಅನ್ನಾಕ ಈ ಲೋಕದಾಗ ಉಳದದ್ದು ನಿನ್ನ ಬಾಯಿ ಒಂದ” ಅಂದೆ. “ಆಡಿದ ಮಾತು, ಒಡೆದ ಮುತ್ತು ಅಂತಾರ. ನೀ ಮುತ್ತಿನ ಚೂರು ಸೈತ ಕಸಕ್ಕ ಹಾಕಿದಿ. ಬಬಲೇಶ್ವರಕ್ಕ ನಡಿ.”

“ಬರಂಗಿಲ್ರಿ. ಅಣ್ಣನ ಮುಂದ ನಿಂದ್ರಾಕ ನನ್ನ ಕಡಿಂದ ಆಗಂಗಿಲ್ಲ.”

“ವೈನಿ ಮುಂದ ನಿಂದ್ರಾಕ ಆಗತೈತಿ?”

ಆಗ ನನ್ನ ಫೋನ್ ರಿಂಗಾಯಿತು. ನಿರ್ಮಲಾ. ಹಿಂದೆ ಗಂಡಸರ ಗದ್ದಲ ಕೇಳುತ್ತಿತ್ತು.

“ಹೊಳೆಕ್ಕಾ, ಹೊತ್ತು ಮುಳುಗೂತನಾ ತಡೀಲಿಲ್ಲ ಇವರು, ಕುಂತಬಿಟ್ಟಾರ. ಕಾಲು ಮುಟ್ಟು, ಎಲ್ಲಾ ಸುಳ್ಳ ಅನ್ನು ಅಂತಾರ. ನಾ ಅನ್ನಂಗಿಲ್ಲ. ಕಸ್ತೂರಿ ಹೆಸರು ತಪ್ಪಿ ಹಿಡದಿದ್ರ ಆಕಿ ಮುಂದ ನಾನ ಕೈ ಮುಗೀತೀನಿ, ಅದಕ್ಕ ಹಿರೇರು ಬೇಕಾಗಿಲ್ಲ. ಆದ್ರ ಮಾತು ಬಂದೇ ಇಲ್ಲ ಅಂದ್ರ ಕೊರಳ ಕೊಯ್ದರೂ ಒಪ್ಪಂಗಿಲ್ಲ. ನಿಮಗೇನರ ಸಿಕ್ಕಿತೇನ್ರಿ?”

ಸ್ಪೀಕರ್ ಒತ್ತಿ ಫೋನನ್ನು ವಿಜಯಲಕ್ಷ್ಮಿಯ ಮುಂದೆ ಹಿಡಿದೆ. ಒತ್ತಾಯ ಮಾಡಲಿಲ್ಲ. ನನಗೆ ಕೈ ನೋವು ಬರುವಷ್ಟು ಹೊತ್ತು ಹಿಡಿದೇ ಇದ್ದೆ. ಕೊನೆಗೆ ಅವಳು ತೆಗೆದುಕೊಂಡಳು.

“ವೈನಿ” ಅಂದಳು. “ನಾ ವಿಜ್ಜಿ. ಮಡಿಲಕ್ಕ ನಾನ.”

“ನೀವಾ?” ಅಂದಳು ನಿರ್ಮಲಾ. ತಡೆದು, “ವಿಜಯಕ್ಕಾ, ಸ್ಪೀಕರ್ ಹಾಕೀನಿ, ಎಲ್ಲಾರೂ ಕೇಳಾಕತ್ತಾರ. ಇರೂದು ಹೇಳ್ರಿ.”

“ಆ ಮಾತು ಬಂದಿದ್ದು ಖರೆ. ನನ್ನ ಕಣ್ಣಿಲೆ ಓದೀನಿ. ಅಳಸಿದಾಕಿ ನಾ. ನಿಮ್ಮನ್ನ ಒಂದ ಮಾತು ಕೇಳದ ಅಳಸೀನಿ.”

ಗದ್ದಲ ಎದ್ದಿತು. ಹಿರಿಯ ಸಿದ್ದರಾಯನ ದನಿ ಮೇಲಾಯಿತು.

“ಯವ್ವಾ ವಿಜ್ಜಿ, ಬರದಾಕಿ ಕಸ್ತೂರಿನ ಏನು?”

“ಕಸ್ತೂರಿ ಅಲ್ಲ ಕಾಕಾ. ಕಸ್ತೂರಿದೂ ತಪ್ಪಿಲ್ಲ, ವೈನಿದೂ ತಪ್ಪಿಲ್ಲ.”

“ಮತ್ತ ಯಾರು?”

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಆಗ, ಇಷ್ಟು ಹೊತ್ತು ಕೇಳಿರದ ಒಂದು ದನಿ ಬಂತು. ಮೆತ್ತಗಿನ, ಒಳ್ಳೆಯ ಮನುಷ್ಯನ ದನಿ.

“ವಿಜ್ಜಿ, ಫೋನ್ ಇಡವ್ವಾ. ಹೆಂಗಸರ ಮಾತು, ಅಳಸಿದ್ದು ಅಳಸಿ ಹೋತು. ಕೆದರಿ ಏನ ಮಾಡೂದೈತಿ? ಮುಗೀತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ಇದು ನಾನು ಆಡುವ ಮಾತಲ್ಲ.

“ಯಾರಿಗೆ ಮುಗೀತು?” ಅದು ನಿರ್ಮಲಾ. ಆ ಹೆಣ್ಣುಮಗಳು ಗಂಡನಿಗೆ ಹಿರಿಯರ ಎದುರು ಎದುರಾಡಿದ್ದು ಅದೇ ಮೊದಲಿರಬೇಕು; ಹಿಂದಿನ ಗದ್ದಲವೆಲ್ಲ ಅಡಗಿಹೋಯಿತು. “ಅನ್ನಿಸಿಕೊಂಡಾಕಿ ನಾ. ಮುಗೀತು ಅನ್ನಾಕಿನೂ ನಾನ. ನೀವಲ್ಲ. ವಿಜಯಕ್ಕಾ, ಫೋನ್ ಇಡಬ್ಯಾಡ್ರಿ. ಹೆಸರು ಯಾರದ ಇರಲಿ, ಹೇಳ್ರಿ. ನನ್ನ ನೋವಿನ ಕಾಳಜಿ ಮಾಡಬ್ಯಾಡ್ರಿ. ನಾ ತಾಳತೀನಿ. ಆದ್ರ ಬರದವರು ಯಾರಂತ ಗೊತ್ತಾಗೂತನಾ ಈ ಮನ್ಯಾಗ ಇನ್ನೊಂದ ದಿನ ಉಣ್ಣಂಗಿಲ್ಲ, ಗೊತ್ತಾದ ಮ್ಯಾಲ ಯಾರ ಹೊರಗ ಹಾಕಿದ್ರೂ ಹೋಗಂಗಿಲ್ಲ.”

ವಿಜಯಲಕ್ಷ್ಮೀ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲೂ ಇಲ್ಲ.

“ವಿಜ್ಜಿ” ಅಂದಿತು ಮೆತ್ತಗಿನ ದನಿ, ಈಗ ಅಷ್ಟು ಮೆತ್ತಗಿರಲಿಲ್ಲ. “ಇಡು ಅಂದೆ.”

ಅವಳು ಎದ್ದು ನಿಂತಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಅಣ್ಣಾ” ಅಂದಳು, “ನೀನ ಹೇಳತಿಯೋ, ನಾ ಹೇಳಲೋ?”